ಇಪ್ಪತ್ತು ಸಲ ಒತ್ತಿದ ಮೇಲೆ

ಪತ್ರ ಬಂದ ಮಂಗಳವಾರ ಶೈಲಾ ಪ್ಲಾಸ್ಟಿಕ್ ರೋಗಿಯೊಬ್ಬನ ಬೆನ್ನು ಒರೆಸುತ್ತಿದ್ದಳು. ಎರಡನೇ ವರ್ಷದ ಹುಡುಗಿಯರು ಮಂಚದ ಸುತ್ತ ನಿಂತಿದ್ದರು. ಹಾಸಿಗೆ ಹಿಡಿದವರನ್ನು ಮಗ್ಗುಲಿಗೆ ಹೊರಳಿಸುವಾಗ ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ ಇರಬೇಕು ಎಂದು ಅವಳು ಹೇಳುತ್ತಿದ್ದಾಗ ಪ್ರಿನ್ಸಿಪಾಲ್ ಸಂಗನಬಸವ ಅವರೇ ಬಾಗಿಲಿಗೆ ಬಂದು ನಿಂತರು. ಅವರು ಆ ಕೋಣೆಗೆ ಕಾಲಿಡುತ್ತಿದ್ದದ್ದು ವರ್ಷಕ್ಕೊಮ್ಮೆ, ತಪಾಸಣೆಯವರು ಬಂದಾಗ ಮಾತ್ರ.

"ಕೈ ತೊಳಕೊಂಡು ನನ್ನ ರೂಮಿಗೆ ಬರ್ರಿ," ಎಂದರು.

ವಿಜಯಪುರದ ಆ ನರ್ಸಿಂಗ್ ಕಾಲೇಜಿನಲ್ಲಿ ಶೈಲಾಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ. ಪುಸ್ತಕದ ಪಾಠವನ್ನು ಬೇರೆಯವರು ಮಾಡುತ್ತಿದ್ದರು. ಸೂಜಿ ಚುಚ್ಚುವುದು, ನಳಿಗೆ ಹಾಕುವುದು, ಗಾಯ ಕಟ್ಟುವುದು, ಹುಟ್ಟಿದ ಕೂಸನ್ನು ಹಿಡಿಯುವುದು, ಇವನ್ನೆಲ್ಲ ಹುಡುಗಿಯರ ಕೈಗೆ ಹತ್ತಿಸುವವಳು ಅವಳು. ತರಗತಿಯಲ್ಲಿ ಅವಳು ಹುಡುಗಿಯರ ಮುಖಕ್ಕಿಂತ ಕೈಗಳನ್ನೇ ಹೆಚ್ಚು ನೋಡುತ್ತಿದ್ದಳು. ಹೆಸರು ಮರೆತರೂ ಕೈ ಮರೆಯುತ್ತಿರಲಿಲ್ಲ.

ಪತ್ರದಲ್ಲಿ ಸುವರ್ಣಾ ಎಂಬ ಹೆಸರಿತ್ತು. ನಿಡೋಣಿಯ ಹುಡುಗಿ. ಗಿಡ್ಡ ಬೆರಳು, ಗಟ್ಟಿ ಮಣಿಕಟ್ಟು. ಎರಡು ವರ್ಷದ ಹಿಂದೆ ಪಾಸಾಗಿ ತಿಕೋಟಾದ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಸೇರಿದ್ದಳು. ಮೂರು ವಾರದ ಹಿಂದೆ ಅಲ್ಲಿ ಹುಟ್ಟಿದ ಗಂಡು ಕೂಸೊಂದು ಅಳಲಿಲ್ಲ. ಉಸಿರು ಕೊಡುವ ಚೀಲ ಮತ್ತು ಮಾಸ್ಕು ಸುವರ್ಣಾಳ ಕೈಯಲ್ಲಿದ್ದವು. ಅವಳು ಒತ್ತುತ್ತ ಒತ್ತುತ್ತ ನಡುವೆ ನಿಲ್ಲಿಸಿಬಿಟ್ಟಳು. ಕೂಸು ಉಳಿಯಲಿಲ್ಲ. ಈಗ ವಿಚಾರಣಾ ಸಮಿತಿಯವರು ಅವಳ ತರಬೇತಿಯ ದಾಖಲೆ ಕೇಳಿದ್ದರು. ಮುಂದಿನ ಬುಧವಾರ ಡಾಕ್ಟರ್ ಸುರೈಯಾ ಎಂಬವರು ಖುದ್ದಾಗಿ ಬಂದು, ಕಾಲೇಜಿನಲ್ಲಿ ಹೇಗೆ ಕಲಿಸುತ್ತಾರೆಂದು ನೋಡುವವರಿದ್ದರು.

"ನಿಮ್ಮ ಹುಡುಗೀನ ಅಲ್ರಿ ಈಕಿ? ಚೆಕ್‌ಲಿಸ್ಟ್ ತಗೀರಿ," ಎಂದರು ಸಂಗನಬಸವ.

ಶೈಲಾ ಕಪಾಟಿನಿಂದ ಫೈಲು ತೆಗೆದಳು. ಹನ್ನೊಂದು ಸಾಲು, ಹನ್ನೊಂದು ಟಿಕ್ಕು, ಕೆಳಗೆ ಅವಳದೇ ಸಹಿ. ಒಂಬತ್ತನೆಯ ಸಾಲು ಹೀಗಿತ್ತು: ಮೂವತ್ತು ಸೆಕೆಂಡಿನ ನಂತರವೂ ಮಗು ಉಸಿರಾಡದಿದ್ದರೆ ಸಹಾಯಕ್ಕೆ ಕೂಗಿ, ಒತ್ತುವುದನ್ನು ಮುಂದುವರಿಸುವುದು. ಅದರ ಮುಂದೆಯೂ ಟಿಕ್ಕಿತ್ತು.

"ಎಲ್ಲಾ ಬರೋಬರಿ ಐತೆಲ್ರಿ ಮತ್ತ!" ಸಂಗನಬಸವ ಕುರ್ಚಿಗೆ ಬೆನ್ನು ಕೊಟ್ಟರು. "ನಮ್ಮ ಕಡಿಂದ ಏನೂ ಕಮ್ಮಿ ಆಗಿಲ್ಲ. ಕಲಿಸೂದು ಕಲಿಸೇವಿ. ಆಕಿ ಹೋಗಿ ಅಲ್ಲೆ ಮರತ್ರ ನಾವು ಬೆನ್ನ ಹತ್ತಿ ಹೋಗಾಕ ಬರತೈತೇನು? ಇದರ ಝೆರಾಕ್ಸ್ ಮಾಡಿಸಿ ಸಹಿ ಹಾಕಿ ಇಡ್ರಿ."

ಅವಳು ಝೆರಾಕ್ಸ್ ಮಾಡಿಸಿ, ಸಹಿ ಹಾಕಿ ಇಟ್ಟಳು. ಪೆನ್ನು ಸರಾಗವಾಗಿ ಓಡಿತು. ನಂತರ ಹೋಗಿ ಉಳಿದ ಅರ್ಧ ತಾಸು ಪ್ಲಾಸ್ಟಿಕ್ ರೋಗಿಯ ಕಾಲು ಒರೆಸುವುದನ್ನು ಕಲಿಸಿದಳು.

ಒಂಬತ್ತನೆಯ ಸಾಲನ್ನು ಅವಳು ನಾಲ್ಕು ವರ್ಷದಿಂದ ಯಾವ ಹುಡುಗಿಗೂ ಮಾಡಿಸಿರಲಿಲ್ಲ.

ಕಾಲೇಜಿನಲ್ಲಿ ಕೂಸಿನ ಗೊಂಬೆ ಒಂದೇ ಇತ್ತು. ಕಂದು ರಬ್ಬರಿನ ಆ ಗೊಂಬೆಯೊಳಗೆ ನೀರು ತುಂಬಿದರೆ ನಿಜವಾದ ಕೂಸಿನಷ್ಟೇ ತೂಕ ಬರುತ್ತಿತ್ತು. ಚೀಲ ಒತ್ತಿದರೆ ಎದೆ ಏಳುತ್ತಿತ್ತು. ಜೊತೆಗೆ ಒಂದು ಸಣ್ಣ ನಳಿಗೆ, ಅದರ ತುದಿಗೆ ರಬ್ಬರಿನ ಗುಂಡು. ಕಲಿಸುವವರು ಆ ಗುಂಡನ್ನು ಅಮುಕಿದರೆ ಗೊಂಬೆ ಅಳುತ್ತಿತ್ತು. ಅಮುಕದಿದ್ದರೆ ಇಲ್ಲ. ಯಾವಾಗ ಅಳಿಸಬೇಕು, ಎಷ್ಟು ಹೊತ್ತು ಅಳಿಸಬಾರದು ಎಂಬುದೆಲ್ಲ ಕಲಿಸುವವರ ಕೈಯಲ್ಲಿತ್ತು. ನಾಲ್ಕು ವರ್ಷದ ಹಿಂದೆ ಆ ನಳಿಗೆ ಹರಿಯಿತು. ಶೈಲಾ ಎರಡು ಸಲ ಅರ್ಜಿ ಕೊಟ್ಟಳು. ಎರಡೂ ಸಲ ಸಂಗನಬಸವ ಮುಂದಿನ ವರ್ಷ ನೋಡೋಣ ಎಂದರು.

ಹೀಗಾಗಿ ಅಳುವ ಕೆಲಸ ಅವಳ ಬಾಯಿಗೆ ಬಂತು. ಐವತ್ತಕ್ಕೂ ಹೆಚ್ಚು ಹುಡುಗಿಯರು, ಎರಡು ತಾಸಿನ ಕ್ಲಾಸು, ಒಬ್ಬೊಬ್ಬಳಿಗೆ ಎರಡು ನಿಮಿಷ. ಒರೆಸು, ಕತ್ತು ಸರಿ ಮಾಡು, ಮಾಸ್ಕು ಕೂರಿಸು. ಒತ್ತು, ಎರಡು, ಮೂರು. ಒತ್ತು, ಎರಡು, ಮೂರು. ಇಪ್ಪತ್ತು ಸಲ ಒತ್ತಿದರೆ ಅರ್ಧ ನಿಮಿಷ. ಇಪ್ಪತ್ತಾದ ಕೂಡಲೇ ಶೈಲಾ "ಅತ್ತತು" ಎನ್ನುತ್ತಿದ್ದಳು. ಹುಡುಗಿ ಮಾಸ್ಕು ತೆಗೆದು, ಗೊಂಬೆಯನ್ನು ಬೆಚ್ಚಗೆ ಸುತ್ತಿ, ಮುಂದಿನವಳಿಗೆ ಜಾಗ ಬಿಡುತ್ತಿದ್ದಳು. ಹುಡುಗಿಯರು ಬೆನ್ನ ಹಿಂದೆ ತನ್ನನ್ನು "ಅಳೂ ಮೇಡಂ" ಎನ್ನುತ್ತಾರೆಂದು ಶೈಲಾಗೆ ಗೊತ್ತಿತ್ತು. ಅದು ಅವಳಿಗೆ ಹಿತವಾಗಿಯೇ ಇತ್ತು.

ರವಿವಾರ ಅವಳು ಬಬಲೇಶ್ವರದ ಬಸ್ಸು ಹತ್ತಿದಳು. ಯಾಕೆ ಹೋಗುತ್ತೀ ಎಂದು ಗಂಡ ಕೇಳಿದಾಗ "ಹಳೇ ಸ್ಟೂಡೆಂಟ್ ಒಬ್ಬಾಕಿಗೆ ಆರಾಮಿಲ್ಲ" ಎಂದಳು. ಬಬಲೇಶ್ವರದಲ್ಲಿ ಇಳಿದು ನಿಡೋಣಿಯ ಜೀಪಿನಲ್ಲಿ ಎರಡು ಜೋಳದ ಚೀಲಗಳ ನಡುವೆ ಕೂತಳು. ದಾರಿಯುದ್ದಕ್ಕೂ ಪಕ್ಕದ ಹೆಂಗಸು ತನ್ನ ಮಂಡಿನೋವಿನ ಬಗ್ಗೆ ಹೇಳುತ್ತಲೇ ಇದ್ದಳು. ಶೈಲಾ ಯಾವ ಗುಳಿಗೆ, ಎಷ್ಟು ಹೊತ್ತಿಗೊಮ್ಮೆ ಎಂದೆಲ್ಲ ವಿಚಾರಿಸಿದಳು. ತನ್ನ ದನಿ ಎಂದಿನಂತೆಯೇ ಇದೆ ಎನ್ನುವುದನ್ನು ಗಮನಿಸಿದಳು.

ಸುವರ್ಣಾಳ ಮನೆ ಊರ ಹೊರಗಿನ ಹೊಲದ ದಂಡೆಯಲ್ಲಿತ್ತು. ಅಂಗಳದ ಒಂದು ಮಗ್ಗುಲಿಗೆ ಮುಳ್ಳಿನ ಹಟ್ಟಿ, ಅದರೊಳಗೆ ಕುರಿಗಳು. ಸುವರ್ಣಾ ಶೇಂಗಾ ಸುಲಿಯುತ್ತ ಕೂತಿದ್ದಳು. ಮೇಡಂ ಅವರನ್ನು ನೋಡಿದವಳೇ ಎದ್ದು, ಕ್ಲಾಸಿನಲ್ಲಿ ನಿಲ್ಲುವಂತೆ ಕೈ ಹಿಂದೆ ಕಟ್ಟಿ ನಿಂತಳು.

"ಕುಂದರವಾ," ಎಂದಳು ಶೈಲಾ.

ಅವಳ ತಾಯಿ ಬೋರವ್ವ ಕಂಬಳಿ ಹಾಸಿ, ಚಹಾಕ್ಕಿಟ್ಟು ಬಂದಳು. "ಬರ್ರಿ ಯವ್ವಾ, ಈಕೀಗಿ ನೀವರ ಒಂದೀಟ ಹೇಳ್ರಿ. ಇಪ್ಪತ್ತೈದ ದಿನಾ ಆತು, ಹೊಟ್ಟಿಗಿ ತಿನ್ನವಲ್ಲಳು. ಕುರಿ ಹೊರಬಿದ್ರೂ ಏಳವಲ್ಲಳು."

"ಏನಾತು ಹೇಳು," ಎಂದಳು ಶೈಲಾ ಸುವರ್ಣಾಳಿಗೆ.

"ಎಲ್ಲಾ ನೀವು ಕಲಿಸಿದಂಗ ಮಾಡೀನ್ರಿ ಮೇಡಂ. ಒರಸೀನಿ, ಬೆನ್ನ ತಿಕ್ಕೀನಿ, ಕುತ್ತಗಿ ಸರಿ ಮಾಡೀನಿ. ಎದಿ ಏಳಾಕತ್ತಿತ್ತು."

"ಎಷ್ಟು ಸಲ ಒತ್ತಿದಿ?"

"ಎಣಿಸೀನ್ರಿ. ಇಪ್ಪತ್ತು."

"ಆಮ್ಯಾಲ?"

"ಆಮ್ಯಾಲ ಮಾರಿ ಎತ್ತಿ ನೋಡಿದೆ."

"ಯಾರನ್ನ?"

ಸುವರ್ಣಾ ಯೋಚಿಸಿದಳು. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. "ಯಾರೂ ಇರಲಿಲ್ರಿ ಅಲ್ಲೆ. ಗ್ವಾಡಿ ಇತ್ತು. ಡಾಕ್ಟರು ಬಾಣಂತಿ ಕಡೆ ಇದ್ರು, ಆಕೀಗಿ ರಕ್ತ ನಿಲ್ಲವಲ್ದಾಗಿತ್ತು. ನಾ ಗ್ವಾಡಿ ನೋಡ್ಕೋತ ನಿಂತೆ. ಕೂಸ ಅತ್ತಂಗಾತು ಮೇಡಂ. ಖರೇನ ಕೇಳಿಸ್ತು. ಮಾಸ್ಕ ತಗದು ಸುತ್ತಿದೆ. ಬೆಚ್ಚಗ ಸುತ್ತಿ ತಕ್ಕಡಿ ಬಾಜೂಕ ಮಲಗಿಸಿದೆ. ಮದೀನಾಬಿ ಸಿಸ್ಟರ್ ಬಂದು, 'ಯಾಕ ಸುಮ್ಮನ ನಿಂತೀಯ ಲೇ, ಕೂಸ ನೀಲಿ ಆಗೈತಿ' ಅನ್ನೂತನಕ ನನಗ ಖಬರ ಇರಲಿಲ್ಲ. ಎರಡ ಮೂರ ನಿಮಿಷ ಆಗಿರಬೇಕು. ಅವರು ಮತ್ತ ಒತ್ತಿದ್ರು. ಭಾಳ ಹೊತ್ತು ಒತ್ತಿದ್ರು."

ಶೈಲಾ ನೆಲದ ಮೇಲಿನ ಶೇಂಗಾ ಸಿಪ್ಪೆ ನೋಡುತ್ತಿದ್ದಳು.

"ಯಾಕ ನಿಂತೀದಿ ಅಂತ ಸಮಿತಿಯವ್ರು ಕೇಳಿದ್ರು. ನನಗ ಗೊತ್ತಿಲ್ಲ ಅಂದೆ. ಖರೇನ ಗೊತ್ತಿಲ್ರಿ ಮೇಡಂ. ಕೈ ತಾನ ನಿಂತತು."

ಬೋರವ್ವ ಚಹಾ ತಂದಿಟ್ಟಳು. "ನೋಡ್ರಿ, ಈಕಿ ಎಂಟ ವರ್ಷದಾಕಿ ಇದ್ದಾಗ ನಮ್ಮ ಕುರಿಮರಿಗೋಳು ಉಸರ ಹಿಡೀಲಿಲ್ಲಂದ್ರ ಈಕೀನ ಮೂಗಿನ್ಯಾಗ ಊದತಿದ್ಲು. ಒಂದ ಸಲ ಅರ್ಧಾ ತಾಸ ಊದ್ಯಾಳ. 'ಬಿಡ ಬೇ, ಸತ್ತೈತಿ, ಬಾಯಿ ಹೊಲಸ ಮಾಡ್ಕೋಬ್ಯಾಡ' ಅಂತ ಅವರಪ್ಪ ಬೈದ್ರೂ ಬಿಡವಲ್ಲಳು. ಕಡೀಕ ಬ್ಯಾ ಅಂತು ಅದು! ಅಂಥಾಕಿ ಈಗ ಹ್ಯಾಂಗ ನಿಂತಳ್ರಿ? ನೀವು ಕಲಿಸಿದವ್ರು, ನೀವ ಹೇಳ್ರಿ."

ಹೇಳಬೇಕಾದದ್ದು ಶೈಲಾಳ ನಾಲಗೆಯ ತುದಿಯವರೆಗೂ ಬರಲಿಲ್ಲ. ಅವಳು ಚಹಾ ಕುಡಿದಳು. ಸಕ್ಕರೆ ಹೆಚ್ಚಾಗಿತ್ತು. "ಛಲೋ ಆಗೇತ್ರಿ ಚಾ" ಎಂದಳು.

ಜೀಪಿನ ತನಕ ಸುವರ್ಣಾ ಬಂದಳು. "ನನ್ನ ರಿಜಿಸ್ಟ್ರೇಶನ್ ತಗೀತಾರಂತ್ರಿ. ತಗದ್ರ ಎಲ್ಲೂ ಕೆಲಸಾ ಮಾಡಾಕ ಬರಂಗಿಲ್ಲಂತ. ಹೌದೇನ್ರಿ?"

"ನೋಡೂಣು," ಎಂದಳು ಶೈಲಾ.

ಬುಧವಾರ ಡಾಕ್ಟರ್ ಸುರೈಯಾ ಹನ್ನೊಂದು ಗಂಟೆಗೆ ಬಂದರು. ಐವತ್ತು ದಾಟಿದ ಹೆಂಗಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಚೆಕ್‌ಲಿಸ್ಟಿನ ಪ್ರತಿಯನ್ನು ಮೇಲಿಂದ ಕೆಳಗೆ ಓದಿ, "ಒಬ್ಬಾಕಿ ಮಾಡಿ ತೋರಿಸ್ಲಿ, ಸಾಕು. ಮಧ್ಯಾಹ್ನ ನಾ ಮತ್ತೊಂದ ಕಡೆ ಹೋಗಬೇಕು," ಎಂದರು.

ಸಂಗನಬಸವ ತಾವೇ ಹುಡುಗಿಯನ್ನು ಆರಿಸಿದರು. ಮಮದಾಪುರದ ಲಲಿತಾ, ಕ್ಲಾಸಿಗೇ ಮೊದಲು ಬರುವವಳು. ಉಳಿದವರು ಗೋಡೆಗುಂಟ ಸಾಲಾಗಿ ನಿಂತರು. ಲಲಿತಾ ಕೈ ತೊಳೆದು, ಗೊಂಬೆಯನ್ನು ಬಟ್ಟೆಯಿಂದ ಒರೆಸಿದಳು, ಬೆನ್ನು ತಿಕ್ಕಿದಳು, ಕತ್ತು ಸರಿ ಮಾಡಿದಳು. ಮಾಸ್ಕು ಮೂಗು ಬಾಯಿ ಎರಡರ ಮೇಲೂ ಚೆನ್ನಾಗಿ ಕೂತಿತು. "ಒತ್ತು, ಎರಡು, ಮೂರು." ಗೊಂಬೆಯ ಎದೆ ಎದ್ದಿತು, ಇಳಿಯಿತು. ಶೈಲಾ ಮನಸ್ಸಿನಲ್ಲೇ ಎಣಿಸಿದಳು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಲಲಿತಾ ಮುಖ ಎತ್ತಿ ಶೈಲಾಳನ್ನು ನೋಡಿದಳು.

ಶೈಲಾ ಬಾಯಿ ತೆರೆಯಲಿಲ್ಲ. ಲಲಿತಾಳ ಕೈ ಆಗಲೇ ನಿಂತಿತ್ತು. ಗೋಡೆಯ ಕಡೆಯಿಂದ ಯಾರೋ ಕಿಸಕ್ಕೆಂದರು. ಇನ್ನೊಬ್ಬಳು ಪಿಸುಗುಟ್ಟಿದಳು, "ಮೇಡಂ ಮರತಾರ." ಲಲಿತಾ ಒಂದು ಗಳಿಗೆ ಕಾದಳು. ಆಮೇಲೆ ತಾನೇ ತಗ್ಗಿದ ದನಿಯಲ್ಲಿ "ಅತ್ತತ್ರಿ" ಎಂದು ಹೇಳಿ, ಮಾಸ್ಕು ತೆಗೆದು, ಗೊಂಬೆಯನ್ನು ಅಚ್ಚುಕಟ್ಟಾಗಿ ಸುತ್ತಿ ದಿಂಬಿನ ಮೇಲೆ ಇಟ್ಟಳು.

"ಶಾಬಾಸ್," ಎಂದರು ಸುರೈಯಾ. "ಕೈ ಛಲೋ ಕುಂತಾವು. ಇಷ್ಟ ಕಲಿಸಿದ್ರೂ ಆ ಹುಡುಗಿ ಯಾಕ ಹಂಗ ಮಾಡಿದ್ಲೋ!" ಕಾಗದದ ಮೇಲೆ ಏನೋ ಬರೆದುಕೊಂಡರು.

"ಅದ ನಾವೂ ವಿಚಾರ ಮಾಡಾಕತ್ತೇವ್ರಿ," ಎಂದರು ಸಂಗನಬಸವ. "ಬರ್ರಿ, ಆಫೀಸಿನ್ಯಾಗ ಕುಂದರೂಣು."

ಇಷ್ಟೇ ಇತ್ತು. ಎಲ್ಲರೂ ಬಾಗಿಲು ದಾಟಿದರೆ ಮುಗಿಯಿತು. ಕಾಲೇಜು ಕಲಿಸಿದೆ, ಕಲಿತವಳು ಮಾಡಲಿಲ್ಲ ಎಂದು ಬರೆದ ಕಾಗದ ಹೋಗುತ್ತದೆ. ನಿಡೋಣಿಯ ಹುಡುಗಿ ಮುಂದೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವಂತಿಲ್ಲ. ಈ ಹೊತ್ತಿಗೆ ತನಗೆ ಹೆದರಿಕೆ ಆಗಬಹುದೆಂದು ಶೈಲಾ ಎಣಿಸಿದ್ದಳು. ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದಾಗ ದವಡೆ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗೆ ಇಡೀ ಮೈ ಆಗಿತ್ತು.

"ಗೊಂಬಿ ಅತ್ತಿಲ್ರಿ," ಎಂದಳು.

ಸುರೈಯಾ ತಿರುಗಿದರು. "ಏನಂದ್ರಿ?"

"ಗೊಂಬಿ ಅತ್ತಿಲ್ಲ. ನಾ ಹೇಳೇ ಇಲ್ಲ. ಲಲಿತಾ, ಅತ್ತತು ಅಂತ ಯಾರು ಹೇಳಿದ್ರು ನಿನಗ?"

ಲಲಿತಾ ಕಣ್ಣು ಪಿಳಿಪಿಳಿ ಬಿಟ್ಟಳು. "ಇಪ್ಪತ್ತ ಆತಲ್ರಿ ಮೇಡಂ."

"ಬಿಚ್ಚು. ಮತ್ತ ಒತ್ತು."

"ಎಷ್ಟ ಸಲ್ರಿ?"

"ನನಗ ಗೊತ್ತಿಲ್ಲ. ಒತ್ತು."

"ಶೈಲಾ ಮೇಡಂ, ಡಾಕ್ಟರ್‌ಗೆ ತಡಾ ಆಕ್ಕೈತಿ," ಎಂದರು ಸಂಗನಬಸವ. ಅವರ ದನಿಯಲ್ಲಿ ನಗುವಿತ್ತು, ಮುಖದಲ್ಲಿ ಇರಲಿಲ್ಲ.

ಲಲಿತಾ ಗೊಂಬೆಯ ಬಟ್ಟೆ ಬಿಚ್ಚಿ ಮತ್ತೆ ಒತ್ತತೊಡಗಿದಳು. ಇಪ್ಪತ್ತಾದಾಗ ಮುಖ ಎತ್ತಿದಳು. ನಲವತ್ತಾದಾಗ ಮತ್ತೆ ಎತ್ತಿದಳು. ಅರವತ್ತರ ಹೊತ್ತಿಗೆ ಬೆರಳು ದಣಿದು ಮಾಸ್ಕು ಸರಿಯಿತು. ಗೊಂಬೆಯ ಗಲ್ಲದ ಬದಿಯಿಂದ ಗಾಳಿ ಪುಸ್ಸೆಂದು ಹೊರಗೆ ಹೋಯಿತು. ಎದೆ ಏಳುವುದು ನಿಂತಿತು. ಲಲಿತಾ ಇನ್ನೂ ಜೋರಾಗಿ ಒತ್ತಿದಳು.

"ಎದಿ ಏಳವಲ್ದ್ರಿ ಮೇಡಂ. ಏನ ಮಾಡ್ಲಿ?"

ಶೈಲಾ ಗೋಡೆಗುಂಟ ನಿಂತವರನ್ನು ನೋಡಿದಳು. ಮಾಸ್ಕನ್ನು ಮತ್ತೆ ಕೂರಿಸು, ಕತ್ತು ನೋಡು, ಯಾರನ್ನಾದರೂ ಕೂಗು ಎಂದು ಒಬ್ಬಳೂ ಹೇಳಲಿಲ್ಲ. ಆ ಸ್ಥಿತಿಯನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಈಗ ಯಾರೂ ನಗುತ್ತಿರಲಿಲ್ಲ. ಲಲಿತಾಳ ಕಣ್ಣೀರು ಗೊಂಬೆಯ ಹೊಟ್ಟೆಯ ಮೇಲೆ ಬಿತ್ತು.

"ಸಾಕು," ಎಂದಳು ಶೈಲಾ. "ನಿಂದು ತಪ್ಪಿಲ್ಲ."

ಆಮೇಲೆ ಅವಳು ಹರಿದ ನಳಿಗೆಯಿಂದ ಹಿಡಿದು ಒಂಬತ್ತನೆಯ ಸಾಲಿನವರೆಗೆ ಹೇಳಿದಳು. ಸುವರ್ಣಾ ಇಪ್ಪತ್ತಕ್ಕೆ ನಿಂತದ್ದನ್ನೂ, ಗೋಡೆ ನೋಡಿದ್ದನ್ನೂ ಹೇಳಿದಳು. ಮಾತುಗಳು ಒಂದರ ಹಿಂದೊಂದು ತಾವಾಗಿಯೇ ಬಂದವು. ಸುರೈಯಾ ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟರು.

"ಎಷ್ಟ ವರ್ಷದಿಂದ?"

"ನಾಲ್ಕು."

"ಎಷ್ಟ ಹುಡುಗ್ಯಾರು?"

"ಇನ್ನೂರಾ ಹತ್ತು. ಇವರನ್ನ ಹಿಡದು." ಹಿಂದಿನ ದಿನ ಹಾಜರಿ ಪುಸ್ತಕ ನೋಡಿ ಎಣಿಸಿದ್ದಳು.

"ಪಾಸಾದವರೆಲ್ಲ ಈಗ ಎಲ್ಲೆ ಅದಾರ?"

"ಆಸ್ಪತ್ರಿಯೊಳಗ ಅದಾರ್ರಿ," ಎಂದಳು ಶೈಲಾ.

ಹೊರಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಮೈಕಿನಲ್ಲಿ ಉಳ್ಳಾಗಡ್ಡಿಯ ಬೆಲೆ ಕೂಗುತ್ತ ಹೋದ.

"ಇದನ್ನ ಬರದು ಕೊಡ್ತೀರೇನು?" ಎಂದು ಕೇಳಿದರು ಸುರೈಯಾ.

"ಕೊಡ್ತೇನ್ರಿ."

ಎರಡು ಪುಟ ಆಯಿತು. ಸಂಗನಬಸವ ಅದನ್ನು ಓದಲಿಲ್ಲ. ಸುರೈಯಾ ಅವರ ಜೀಪು ಗೇಟು ದಾಟಿದ ಮೇಲೆ, "ನಳಿಗಿ ಹರದೈತಿ ಅಂದ್ರ ಇನ್ನೊಮ್ಮೆ ಹೇಳಬೇಕಿಲ್ರಿ ನನಗ?" ಎಂದರು. ಅವರೂ ಹೆದರಿದ್ದಾರೆಂದು ಶೈಲಾಗೆ ಆಗ ತಿಳಿಯಿತು. "ಹೇಳಬೇಕಿತ್ತು" ಎಂದಳು. ನಾಳೆಯಿಂದ ಪ್ರಯೋಗದ ಕ್ಲಾಸಿಗೆ ಹೋಗಬೇಡಿ, ಲೈಬ್ರರಿಯಲ್ಲಿ ಕೂತಿರಿ ಎಂದರು. ಅವಳು ಕೋಣೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟಳು.

ಸಂಜೆ ಮನೆಗೆ ಹೋಗುವ ದಾರಿಯಲ್ಲೇ ಸುವರ್ಣಾಳಿಗೆ ಫೋನು ಹಚ್ಚಿದಳು. ಎಲ್ಲ ಹೇಳಿದಳು. ರಿಜಿಸ್ಟ್ರೇಶನ್ ಉಳಿಯಬಹುದು, ಮತ್ತೆ ತರಬೇತಿ ಕೊಡುತ್ತಾರಂತೆ, ಎಲ್ಲ ಇನ್ನೂರಾ ಹತ್ತು ಮಂದಿಗೂ ಕೊಡಬೇಕೆಂದು ಸುರೈಯಾ ಬರೆಯುತ್ತಾರಂತೆ ಎಂದೂ ಹೇಳಿದಳು. ಆ ಕಡೆಯಿಂದ ಕುರಿಗಳ ಸದ್ದು ಬರುತ್ತಿತ್ತು.

"ರವಿವಾರ ನಮ್ಮ ಮನಿಗಿ ಬಂದಾಗ ನಿಮಗಿದು ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಚಾ ಕುಡದು ಹೋದ್ರಿ."

"ಹೌದು."

ಫೋನು ಇಟ್ಟಿರಬೇಕೆಂದು ಶೈಲಾ ಕಿವಿಯಿಂದ ತೆಗೆದು ನೋಡಿದಳು. ಇಟ್ಟಿರಲಿಲ್ಲ.

"ನಾ ನಿಲ್ಲಸಲಿಲ್ಲ ಅಂದಿದ್ರ ಉಳೀತಿತ್ತೇನ್ರಿ ಅದು?"

ಶೈಲಾ ರಸ್ತೆಯ ಮಗ್ಗುಲಿಗೆ ನಿಂತಳು. ಇಲ್ಲ ಎಂದರೆ ಹುಡುಗಿ ಉಣ್ಣಬಹುದು, ಮಲಗಬಹುದು. "ಗೊತ್ತಿಲ್ಲ ಸುವರ್ಣಾ," ಎಂದಳು. "ಉಳೀಬಹುದಿತ್ತು."

"ಆ ಬಾಣಂತಿಗೆ ಯಾರು ಹೇಳ್ತಾರ್ರಿ ಇದನ್ನ? ಆಕಿ ತನ್ನ ಹೊಟ್ಟಿನ ಸರಿ ಇಲ್ಲ ಅಂತ ತಿಳಕೊಂಡಾಳ. ನನ್ನ ಕೈ ಹಿಡದು, 'ನೀ ಭಾಳ ಕಷ್ಟಪಟ್ಟಿ ಯವ್ವಾ' ಅಂದ್ಲು. ನನಗ ಅಂದ್ಲ್ರಿ ಮೇಡಂ!" ಮೊದಲ ಸಲ ಸುವರ್ಣಾಳ ದನಿ ಒಡೆಯಿತು. "ನಾ ಒಬ್ಬಾಕಿನ ಹೋಗಾಕ ಆಗಂಗಿಲ್ಲ. ನೀವೂ ಬರ್ರಿ."

ಶನಿವಾರ ಮುಂಜಾನೆ ಶೈಲಾ ತಿಕೋಟಾದಲ್ಲಿ ಬಸ್ಸಿಳಿದಾಗ ಸುವರ್ಣಾ ಹಣ್ಣಿನ ಗಾಡಿಯ ನೆರಳಿನಲ್ಲಿ ನಿಂತಿದ್ದಳು. ಇಬ್ಬರೂ ಬಾಣಂತಿಯ ಮನೆಯ ಕಡೆ ನಡೆದರು. ಊರು ಮುಗಿದ ಮೇಲೆ ದ್ರಾಕ್ಷಿ ತೋಟಗಳು, ಹಸಿರು ಬಲೆ ಇಳಿಬಿಟ್ಟ ಒಣದ್ರಾಕ್ಷಿಯ ಶೆಡ್ಡುಗಳು. ಒಂದು ಶೆಡ್ಡಿನ ಹಿಂದೆ ಮನೆಯಿತ್ತು. ಜಗಲಿಯ ಮೇಲೆ ಮುದುಕಿಯೊಬ್ಬಳು ಮೊರದಲ್ಲಿ ಒಣದ್ರಾಕ್ಷಿ ಹಾಕಿಕೊಂಡು ಕಡ್ಡಿ ಆರಿಸುತ್ತಿದ್ದಳು. ಸತ್ತ ಕೂಸಿನ ಅಜ್ಜಿ ಮುರಿಗೆವ್ವ ಅವಳೇ ಎಂದು ಸುವರ್ಣಾ ಮೆಲ್ಲಗೆ ಹೇಳಿದಳು.

"ಅಯ್ಯ, ದವಾಖಾನಿ ಹುಡುಗಿ!" ಮುರಿಗೆವ್ವ ಕಣ್ಣಿಗೆ ಕೈ ಅಡ್ಡ ಹಿಡಿದಳು. "ಬಾ ಬೇ. ಯಾಕ ಇಷ್ಟ ಸೊರಗೀದಿ? ಇವರ್ಯಾರು?"

ಸುವರ್ಣಾ ಶೈಲಾಳ ಕಡೆ ತಿರುಗಿದಳು.

"ನಾನು ಈಕೀಗೆ ಕೆಲಸಾ ಕಲಿಸಿದಾಕಿ," ಎಂದಳು ಶೈಲಾ. "ನಿಮ್ಮ ಕೂಸಿನ ಸಲುವಾಗಿ ಹೇಳೂದೈತ್ರಿ. ಅದರ ತಾಯಿ ಮುಂದ ಹೇಳಬೇಕು."

ಒಳಬಾಗಿಲಲ್ಲಿ ಹರೆಯದ ಹೆಂಗಸು ಬಂದು ನಿಂತಳು. ತಲೆಗೆ ಬಾಣಂತಿಯರ ಹಾಗೆ ಬಟ್ಟೆ ಬಿಗಿದಿದ್ದಳು. ಶೈಲಾ ನೆಲದ ಮೇಲೆ ಕೂತು ಹೇಳಿದಳು. ಗೊಂಬೆ, ಎಣಿಕೆ, ತನ್ನ ಬಾಯಿಂದ ಬರುತ್ತಿದ್ದ ಆ ಒಂದು ಮಾತು. ನಡುವೆ ನಿಲ್ಲಿಸಲಿಲ್ಲ. ಮುರಿಗೆವ್ವ ಮೊರ ಪಕ್ಕಕ್ಕೆ ಸರಿಸಿದಳು. ಬಾಗಿಲಲ್ಲಿದ್ದವಳು ಅಳಲಿಲ್ಲ, ಬೈಯಲೂ ಇಲ್ಲ. ಮುಗಿದ ಮೇಲೂ ಚೌಕಟ್ಟು ಹಿಡಿದು ನಿಂತೇ ಇದ್ದಳು.

"ನಮ್ಮ ಮನಿಯವ್ರು ತ್ವಾಟದಾಗ ಅದಾರ," ಎಂದಳು ಕೊನೆಗೆ. "ಮಧ್ಯಾಹ್ನ ಊಟಕ್ಕ ಬರ್ತಾರ. ಕುಂದರ್ರಿ. ಅವರ ಮುಂದೂ ಹಿಂಗ ಹೇಳ್ರಿ, ಒಂದೂ ಬಿಡಬ್ಯಾಡ್ರಿ. ನನಗ ಅವರ ಮುಂದ ಹೇಳಾಕ ಬರಂಗಿಲ್ಲ."

ಹತ್ತೂವರೆ ಆಗಿತ್ತು. ಶೈಲಾ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಸ್ವಲ್ಪ ದೂರದಲ್ಲಿ ಸುವರ್ಣಾ ಕೂತಳು. ತೋಟದ ಕಡೆಯಿಂದ ಬರುವ ದಾರಿಯಲ್ಲಿ ಇನ್ನೂ ಯಾರೂ ಕಾಣುತ್ತಿರಲಿಲ್ಲ.